ಮುತ್ಯಾನ ಬಗ್ಗೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಶರಣು ಸರ್. ನಾನು ಆಳಂದ ತಾಲೂಕಿನವಳು. ಈಗ ಕಲಬುರಗಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮ ಮುತ್ಯಾ (ಅಜ್ಜ) 2025ರ ಸೀಗಿ ಹುಣ್ಣಿಮೆ ಆದ ವಾರ ತೀರಿಕೊಂಡರು. ವಯಸ್ಸು 98 ಎಂದು ಅಪ್ಪ, 103 ಎಂದು ದೊಡ್ಡಪ್ಪ ಹೇಳುತ್ತಾರೆ. ಆಧಾರ್ ಕಾರ್ಡಿನಲ್ಲಿ 1 ಜನವರಿ 1935 ಎಂದಿದೆ. ಮುತ್ಯಾ ಸಣ್ಣವರಿದ್ದಾಗಲೇ ಗೌಡರ ಮನೆಯಲ್ಲಿ ಸಂಬಳದ ಆಳಾಗಿದ್ದರು. "ರಜಾಕಾರರ ಗದ್ದಲದಾಗ ನಾ ಗಳೆ ಹೊಡಿತಿದ್ದೆ, ಗದ್ದಲ ತಣ್ಣಗಾದ ಮ್ಯಾಲೆ ಲಗ್ನ ಆಯ್ತು" ಎನ್ನುತ್ತಿದ್ದರು (ರಜಾಕಾರರು ಎಂದರೆ ನಿಜಾಮರ ಪರ ನಿಂತ ಖಾಸಗಿ ಪಡೆ, ಗಳೆ ಹೊಡೆಯುವುದು ಎಂದರೆ ಹೊಲ ಉಳುವುದು). ಮುಂದೆ ಪಾಲಿಗೆ ಹೊಲ ಮಾಡಿ, ಒಂದೊಂದೇ ತುಂಡು ಕೊಂಡು ಹನ್ನೊಂದು ಎಕರೆ ಮಾಡಿದರು. ವರ್ಷದ ಕಾರ್ಯಕ್ಕೆ ಅವರ ಬಗ್ಗೆ ಸಣ್ಣ ಪುಸ್ತಕ ತರಬೇಕೆಂದು ಮನೆಯವರ ಆಸೆ. ಬರೆಯಲು ಕೂತರೆ 'ಕಾಯಕಯೋಗಿ, ಶ್ರಮಜೀವಿ, ಒಬ್ಬರೇ ಮನೆ ಕಟ್ಟಿದರು' ಎಂದು ಅರ್ಧ ಪುಟಕ್ಕೆ ಮುಗಿದುಹೋಗುತ್ತದೆ. ಅವರು ಶಾಲೆಗೆ ಹೋದವರಲ್ಲ, ಏನೂ ಬರೆದಿಟ್ಟಿಲ್ಲ. ಏನು ಮಾಡಲಿ?

ಉತ್ತರ: ಅಕ್ಕೋರೇ, ಅರ್ಧ ಪುಟಕ್ಕೆ ಯಾಕೆ ಮುಗಿಯಿತು ಗೊತ್ತಾ? ಆ ಮೂರು ಮಾತು ನಿಮ್ಮ ಮುತ್ಯಾನ ಬಗ್ಗೆ ಅಲ್ಲವೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ತೀರಿಕೊಂಡ ಯಾವ ಹಿರಿಯರ ಬ್ಯಾನರಿಗೂ ಅವು ಹೊಂದುತ್ತವೆ. ಫೋಟೊ ಬದಲಿಸಿದರೆ ಸಾಕು.

ದುಡಿದವರ ಬಗ್ಗೆ ಬರೆಯುವಾಗ ದುಡಿಮೆಯನ್ನೇ ಬರೆಯಬೇಕು, ಗುಣವನ್ನಲ್ಲ. ನಮ್ಮ ಅಪ್ಪ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ ಮಾಡಿದವರು. ತೊಗರಿ ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಒಡೆದು, ಹಸಿ ಇದೆಯೋ ಒಣಗಿದೆಯೋ ಹೇಳುತ್ತಿದ್ದರು. ಚೀಲ ಹೊತ್ತೂ ಹೊತ್ತೂ ಅವರ ಎಡ ಹೆಗಲು ಬಲಕ್ಕಿಂತ ತಗ್ಗಿತ್ತು. ಹೊಸ ಅಂಗಿ ಹೊಲಿಸಿದರೆ ಒಂದು ಕಡೆ ಯಾವಾಗಲೂ ಜಾರುತ್ತಿತ್ತು. 'ಶ್ರಮಜೀವಿ' ಎಂದು ಬರೆದರೆ ಆ ಹೆಗಲು ಯಾರಿಗೆ ಕಾಣುತ್ತದೆ ಹೇಳಿ?

ಹಾಗಾಗಿ ಮೊದಲು ಗೌಡರ ಮನೆಯ ದಿನಗಳನ್ನು ಹಿಡಿಯಿರಿ. ಸಂಬಳದ ಆಳು ಎಂದರೆ ಉಗಾದಿಯಿಂದ ಉಗಾದಿಗೆ ಕರಾರು. ವರ್ಷಕ್ಕೆ ಎಷ್ಟು ಜೋಳ, ಎಷ್ಟು ರೊಕ್ಕ, ಎಷ್ಟು ಜೊತೆ ಧೋತರ, ಚಪ್ಪಲಿ ಉಂಟೋ ಇಲ್ಲವೋ ಎಂದು ಮೊದಲೇ ಮಾತಾಗುತ್ತಿತ್ತು. ಮುತ್ಯಾ ಇದನ್ನು ಮಕ್ಕಳ ಮುಂದೆ ಹೇಳಿರಲಿಕ್ಕಿಲ್ಲ. ಅವರ ಜೊತೆ ಗಳೆ ಹೊಡೆದ ಮುದುಕರು ಒಬ್ಬರಾದರೂ ಊರಲ್ಲಿ ಇರುತ್ತಾರೆ. ಅವರ ಮುಂದೆ ಹೋಗಿ "ನಮ್ಮ ಮುತ್ಯಾ ಹೆಂಗಿದ್ದರು?" ಎಂದು ಕೇಳಬೇಡಿ. "ದೇವರಂಥ ಮನುಷ್ಯ" ಎಂದು ಹೇಳಿ ಚಹಾ ಕುಡಿಸಿ ಕಳಿಸುತ್ತಾರೆ. "ಎತ್ತಿನ ಹೆಸರು ಏನಿತ್ತು? ನಸುಕಿನಲ್ಲಿ ಎದ್ದವರು ಮೊದಲು ಏನು ಮಾಡುತ್ತಿದ್ದರು? ಬುತ್ತಿಗೆ ಏನಿರುತ್ತಿತ್ತು? ಯಾರ ಜೊತೆ ಜಗಳ ಆಗಿತ್ತು?" ಎಂದು ಕೇಳಿ. ಎತ್ತಿನ ಹೆಸರು ನೆನಪಾದರೆ ಸಾಕು, ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಇನ್ನು ಗಂಜು. ಲಾರಿ, ಟೆಂಪೊ ಬರುವ ಮುಂಚೆ ನಿಮ್ಮ ಕಡೆಯವರು ಬಂಡಿ ಹೂಡಿಕೊಂಡು ರಾತ್ರಿಯೆಲ್ಲ ನಡೆದು ಕಲಬುರಗಿಗೆ ಮಾಲು ತರುತ್ತಿದ್ದರು. ದಾರಿಯಲ್ಲಿ ಎಲ್ಲಿ ಎತ್ತು ಬಿಚ್ಚುತ್ತಿದ್ದರು, ಎತ್ತಿಗೆ ನೀರು ಎಲ್ಲಿ, ಮಾಲು ಮಾರಿ ವಾಪಸ್ ಬರುವಾಗ ಮನೆಗೆ ಏನು ತರುತ್ತಿದ್ದರು ಎಂದು ಅತ್ತಿಯರನ್ನು ಕೇಳಿ. ಹೆಣ್ಣುಮಕ್ಕಳಿಗೆ ಅದು ಚೆನ್ನಾಗಿ ನೆನಪಿರುತ್ತದೆ. ಮುತ್ಯಾ ಏನೂ ಬರೆದಿಟ್ಟಿಲ್ಲ ಎಂದಿರಿ. ಅವರು ಬರೆಯದಿದ್ದರೂ ಅಡತಿ ಅಂಗಡಿಯವರು (ಕಮಿಷನ್ ಹಿಡಿದು ಮಾಲು ಮಾರಿಸುವವರು) ಬರೆದಿರುತ್ತಾರೆ. ಟ್ರಂಕು, ದೇವರ ಜಗಲಿ, ಪಂಚಾಂಗದ ನಡುವೆ ಹುಡುಕಿ. ಹಳೆಯ ಅಡತಿ ಪಟ್ಟಿ ಒಂದಾದರೂ ಸಿಗುತ್ತದೆ. ಎಷ್ಟು ಚೀಲ, ಯಾವ ದರ, ಹಮಾಲಿ ಎಷ್ಟು, ತೂಕದ್ದು ಎಷ್ಟು, ಮುಂಗಡ ತಂದದ್ದಕ್ಕೆ ಎಷ್ಟು ಮುರಿದುಕೊಂಡರು ಎಲ್ಲ ಅದರಲ್ಲಿರುತ್ತದೆ. ಕೊನೆಗೆ ಕೈಗೆ ಬಂದ ರೊಕ್ಕ ನೋಡಿದರೆ ಹನ್ನೊಂದು ಎಕರೆ ಹೇಗಾಯಿತು, ಯಾಕೆ ಅಷ್ಟು ವರ್ಷ ಹಿಡಿಯಿತು ಎರಡೂ ತಿಳಿಯುತ್ತವೆ.

ಹೊಲ ಯಾವಾಗ ಜೋಳದಿಂದ ತೊಗರಿಗೆ ಹೊರಳಿತು ಎಂದೂ ಅಪ್ಪನನ್ನು ಕೇಳಿ. ಜೋಳ ಎಂದರೆ ಮನೆಗೆ ರೊಟ್ಟಿ, ಎತ್ತಿಗೆ ಕಣಕಿ. ತೊಗರಿ ಎಂದರೆ ರೊಕ್ಕ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಆದರೆ ಜೋಳ ಬಿಟ್ಟ ವರ್ಷ ಎಷ್ಟೋ ಮನೆಗಳಲ್ಲಿ ಜಗಳವಾಗಿದೆ. ನಿಮ್ಮ ಮನೆಯಲ್ಲಿ ಮುತ್ಯಾ ಯಾವ ಕಡೆ ಇದ್ದರು?

ಈಗ ವಯಸ್ಸು. ನಾನು ಭೂ ದಾಖಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಇಂಥ ಲೆಕ್ಕ ನನಗೆ ಇಷ್ಟ. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಬಹಳ ಸಲ ಅದು ಅಂದಾಜು, ಬಿಟ್ಟುಬಿಡಿ. ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ನಿಜಾಮರು ಕೈ ಎತ್ತಿದ್ದು 17ಕ್ಕೆ. ರಜಾಕಾರರ ಗದ್ದಲ ಅದಕ್ಕೂ ಮೊದಲಿನದು. 1935ರಲ್ಲಿ ಹುಟ್ಟಿದ್ದರೆ ಆಗ ಹನ್ನೆರಡೋ ಹದಿಮೂರೋ. ಅಷ್ಟು ಸಣ್ಣ ಹುಡುಗನ ಕೈಗೆ ಗೌಡರು ಮೇಯಿಸಲು ದನ ಕೊಟ್ಟಾರು, ಗಳೆ ಕೊಡುವುದಿಲ್ಲ. 103 ಹಿಡಿದರೆ ಆಗ ಇಪ್ಪತ್ತಾರು. ಆ ಕಾಲದಲ್ಲಿ ಇಪ್ಪತ್ತಾರರ ತನಕ ಲಗ್ನ ಮಾಡದೆ ಬಿಡುತ್ತಿದ್ದರಾ? 98 ಹಿಡಿದರೆ ಇಪ್ಪತ್ತೊಂದು. ಅಪ್ಪನ ಲೆಕ್ಕವೇ ಹೊಂದುತ್ತದೆ. ಇನ್ನೊಂದು ಸಲ ತಾಳೆ ನೋಡಬೇಕಾದರೆ 72ರ ಬರ ಹಿಡಿಯಿರಿ. ಬರಗಾಲದ ಕೆಲಸದಲ್ಲಿ ಖಡಿ ಒಡೆಯಲು ಮನೆಯಿಂದ ಯಾರು ಯಾರು ಹೋಗಿದ್ದರು, ದೊಡ್ಡ ಅತ್ತಿಯ (ಮುತ್ಯಾನ ಮಗಳ) ಲಗ್ನ ಆಗ ಆಗಿತ್ತಾ ಎಂದು ಕೇಳಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಿಮ್ಮ ಆಳಂದ ಕಡೆ ಜೋರಾಗಿಯೇ ಅಲುಗಾಡಿಸಿತ್ತು. ಗಣಪತಿ ಕಳಿಸಿ ಮಲಗಿದ್ದ ಮಂದಿ ನಸುಕಿನಲ್ಲಿ ಹೊರಗೆ ಓಡಿ ಬಂದಿದ್ದರು. ಮುತ್ಯಾ ಆಗ ಏನು ಮಾಡಿದರು ಎಂದು ಅಪ್ಪನಿಗೆ ಖಂಡಿತ ನೆನಪಿರುತ್ತದೆ. ಪುಸ್ತಕದಲ್ಲಿ 'ಸುಮಾರು 98' ಎಂದು ಹಾಕಿ. ದೊಡ್ಡಪ್ಪನಿಗೆ ಈ ಲೆಕ್ಕ ತೋರಿಸುವ ಉಸಾಬರಿ ಬೇಡ.

ಒಂದೇ ಒಂದು ಮಾತು ಹೊಡೆದು ಹಾಕಿ ಎಂದು ಕೇಳುತ್ತೇನೆ. 'ಒಬ್ಬರೇ ಮನೆ ಕಟ್ಟಿದರು' ಎಂಬುದು. ಕೂರಿಗೆ ಹೊಡೆದವರು ಮುತ್ಯಾ ಇರಬಹುದು. ಕೂರಿಗೆ ಬಟ್ಟಲಿಗೆ ಕಾಳು ಬಿಡುತ್ತಾ ಹಿಂದೆ ನಡೆದವರು ಯಾರು? ಆ ಕೈ ತಪ್ಪಿದರೆ ಸಾಲಿನಲ್ಲಿ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೋಳಾಗಿ ಬೆಳೆ ಬರುತ್ತದೆ. ಕಳೆ ತೆಗೆದವರು, ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟವರು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ರಾತ್ರಿಯೆಲ್ಲ ಸಜ್ಜೆ ರೊಟ್ಟಿ ಬಡಿದವರು ಆಯಿ, ನಿಮ್ಮ ಅಜ್ಜಿ, ಅಲ್ವಾ? ನಿಮ್ಮ ಕಾಗದದಲ್ಲಿ ಆಯಿಯ ಸುದ್ದಿಯೇ ಇಲ್ಲ. ಇದ್ದರೆ ಮೊದಲು ಅವರ ಹತ್ತಿರವೇ ಕೂತು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇಲ್ಲದಿದ್ದರೆ ಅವರ ತವರಿನವರನ್ನು ಹುಡುಕಿ.

ಪ್ರಶ್ನೆ: ನಮ್ಮದು ಹುಮನಾಬಾದ್ ತಾಲೂಕು. ತೀರಿಕೊಂಡ ಮುತ್ಯಾನ ಟ್ರಂಕಿನಲ್ಲಿ ಹೊಲ ಕೊಂಡ ಉರ್ದು ಕಾಗದ ಸಿಕ್ಕಿದೆ. ಓದಿಸಿದಾಗ 'ಬಹಮನ್ 1351' ಎಂದಿದೆ ಎಂದರು. ಊರಲ್ಲಿ ಎಲ್ಲರೂ ನಮ್ಮ ಹೊಲ ಬಹಮನಿ ಸುಲ್ತಾನರ ಕಾಲದ್ದು ಎನ್ನುತ್ತಿದ್ದಾರೆ. ನಿಜವೇ?

ಉತ್ತರ: ನಕ್ಕು ಸಾಕಾಯಿತು, ಬೇಸರ ಮಾಡಿಕೊಳ್ಳಬೇಡಿ. ಊರವರ ಊಹೆ ಪೂರ್ತಿ ಹುಚ್ಚೂ ಅಲ್ಲ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಅದರ ರಾಜಧಾನಿ ಬೇಗನೆ ಕಲಬುರಗಿಗೇ ಬಂತು. ಆದರೆ ನಿಮ್ಮ ಕಾಗದದಲ್ಲಿರುವುದು ನಿಜಾಮರ ಕಾಲದ ಫಸಲಿ ವರ್ಷ. ಬಹಮನ್ ಎಂಬುದು ಅದರ ಮೂರನೇ ತಿಂಗಳು. ಮೊದಲು ಆಜುರ್, ಆಮೇಲೆ ದೈ, ಆಮೇಲೆ ಬಹಮನ್.

ಲೆಕ್ಕ ಸುಲಭ. ಫಸಲಿಗೆ 590 ಕೂಡಿಸಿ. 1351 ಎಂದರೆ 1941. ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಬಹಮನ್ ಎಂದರೆ ಹೆಚ್ಚು ಕಡಿಮೆ ಡಿಸೆಂಬರ್. ಜನವರಿ ಅಥವಾ ಅದರ ಮುಂದಿನ ತಿಂಗಳಾದರೆ 591 ಕೂಡಿಸಬೇಕು. 1949ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಜಾಗೀರು ರದ್ದತಿ ಕಾನೂನಿನ ಹೆಸರಲ್ಲೂ 1358 ಫಸಲಿ ಎಂದೇ ಇದೆ, ಕೂಡಿಸಿ ನೋಡಿ.

ಕಾಗದದಲ್ಲಿ ಬರೆದ ರೂಪಾಯಿಯೂ ನಮ್ಮ ರೂಪಾಯಿ ಅಲ್ಲ, ಹಾಲಿ ಸಿಕ್ಕಾ ಇರಬೇಕು. ಏಳು ಹಾಲಿ ಕೊಟ್ಟರೆ ಆರು ಕಲದಾರ್, ಅಂದರೆ ಬ್ರಿಟಿಷ್ ರೂಪಾಯಿ ಸಿಗುತ್ತಿತ್ತು. ಕಾಗದವನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಹಳೆಯ ಕಾಗದ ಅದರಲ್ಲಿ ಹಾಳಾಗುತ್ತದೆ. ಫೋಟೊ ತೆಗೆದು, ಅರಿವೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ಆ ಸರ್ವೆ ನಂಬರಿನ 1954-55ರ ಖಾಸ್ರಾ ಪಹಣಿ ತಹಸಿಲ್ ಕಚೇರಿಯಲ್ಲಿ ಸಿಗುತ್ತದಾ ಎಂದು ವಿಚಾರಿಸಿ. ಅದರಲ್ಲಿ ಹೊಲ ಯಾರ ಹೆಸರಲ್ಲಿತ್ತು, ಯಾರು ಉಳುತ್ತಿದ್ದರು ಎಂದು ಬರೆದಿರುತ್ತಾರೆ.

ಪ್ರಶ್ನೆ: ನಮ್ಮ ಅಪ್ಪ 91 ವರ್ಷ ಬಾಳಿದರು. ದುಡಿಮೆಗಾರರು, ಆದರೆ ಬಲು ಸಿಟ್ಟಿನವರು. ಬದುವಿನ ಜಗಳದಲ್ಲಿ ಸ್ವಂತ ತಮ್ಮನ ಜೊತೆ ಸಾಯುವ ತನಕ ಮಾತು ಬಿಟ್ಟಿದ್ದರು. ಅದನ್ನೂ ಬರೆಯಬೇಕಾ? (ಯಾದಗಿರಿಯಿಂದ ಒಬ್ಬರು)

ಉತ್ತರ: ಬರೆಯಿರಿ. ಊರಿಗೆಲ್ಲ ಗೊತ್ತಿರುವುದನ್ನು ನೀವು ಮಾತ್ರ ಬಿಟ್ಟರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಆದರೆ ಬರೆಯುವ ಮುಂಚೆ ಕಾಕಾನ ಮನೆಗೆ ಹೋಗಿ. ಬದು ಯಾರು ಒತ್ತಿದರು ಎಂದು ಅವರ ಬಾಯಿಂದಲೂ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಹಾಕಿ. ಕೇಸು ಇನ್ನೂ ಕೋರ್ಟಿನಲ್ಲಿದ್ದರೆ ಸರ್ವೆ ನಂಬರ್ ಬಿಟ್ಟುಬಿಡಿ, ಅಚ್ಚಿಗೆ ಕೊಡುವ ಮುಂಚೆ ನಿಮ್ಮ ವಕೀಲರಿಗೆ ಒಂದು ಸಲ ತೋರಿಸಿ.