ಮುಚ್ಚಿಡೋಕೆ ಏನೂ ಇಲ್ಲ ಅನ್ನುವವರಿಗೆ

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, ಎಪ್ಪತ್ತು ದಾಟಿದೆ. ಬೆಂಗಳೂರಲ್ಲಿರುವ ಮಗ ಫೋನ್ ಮಾಡಿದಾಗೆಲ್ಲ 'ಅಪ್ಪಾ, ಸರ್ಕಾರ ಎಲ್ಲಾ ನೋಡುತ್ತೆ, ವಾಟ್ಸಾಪಲ್ಲಿ ಹುಷಾರು' ಅನ್ನುತ್ತಾನೆ. ನಾನು ಕಳಿಸೋದು ಮಂಡಿ ರೇಟು, ಮೊಮ್ಮಗಳ ಫೋಟೊ. ತಪ್ಪು ಮಾಡದವನಿಗೆ ಭಯ ಯಾಕೆ?
— ಓದುಗರು, ಕೋಣಂದೂರು

ಉತ್ತರ: ಹಿರಿಯರೇ, ನಿಮ್ಮ ಮೆಸೇಜನ್ನು ದಿಲ್ಲಿಯಲ್ಲಿ ಯಾರೋ ಕೂತು ಓದುತ್ತಿದ್ದಾರೆ ಅಂತ ಅಲ್ಲ. ವಾಟ್ಸಾಪ್ 2016ರಿಂದ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ದಾರಿಯಲ್ಲಿ ಹಿಡಿದರೂ ಓದಲು ಬರಲ್ಲ. ಆದರೆ ಯಾರಿಗೆ, ಯಾವಾಗ, ಎಲ್ಲಿಂದ ಅನ್ನುವ ದಾಖಲೆ ಬೇರೆ. ಸಿಮ್ ಕಂಪನಿ ಪ್ರತಿ ಕರೆಯ ವಿವರವನ್ನು ಕನಿಷ್ಠ 2 ವರ್ಷ ಇಟ್ಟಿರಬೇಕು ಅಂತ ಲೈಸೆನ್ಸಿನಲ್ಲೇ ಷರತ್ತಿದೆ.

ಹೀಗೆ ಅಂದುಕೊಳ್ಳಿ. ಒಂದು ಬೆಳಿಗ್ಗೆ ನಿಮ್ಮ ಫೋನು ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಟವರ್‌ಗಳನ್ನು ಹಿಡಿಯುತ್ತಾ ಘಾಟಿ ಇಳಿದು ಮಣಿಪಾಲದಲ್ಲಿ ನಿಲ್ಲುತ್ತದೆ, ನಾಲ್ಕು ದಿನ ಅಲ್ಲೇ ಇರುತ್ತದೆ, ನಡುವೆ ಬ್ಯಾಂಕಿಗೆ ಎರಡು ಕರೆ, ಜಮೀನು ಮಾರಿಸುವ ಬ್ರೋಕರ್‌ಗೆ ಒಂದು. ನಿಮ್ಮ ಒಂದು ಮಾತನ್ನೂ ಯಾರೂ ಕೇಳಿಸಿಕೊಂಡಿಲ್ಲ. ಆದರೂ ಮನೆಯಲ್ಲಿ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ, ತೋಟ ಮಾರುವ ಯೋಚನೆ ಎಲ್ಲಾ ಗೊತ್ತಾಯಿತು. ಇದರಲ್ಲಿ ನಿಮ್ಮ ತಪ್ಪೇನಿದೆ? ಏನೂ ಇಲ್ಲ. ಆದರೆ ಪಕ್ಕದ ಮನೆಯವರಿಗೂ ನೀವು ಇದನ್ನು ಹೇಳಿಕೊಂಡಿರಲ್ಲ, ಅಲ್ವಾ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ 80 ದಾಟಿದ ಮೇಲೆ. ಮುಚ್ಚಿಡುವಂಥದ್ದು ಏನೋ ಇತ್ತು ಅಂತ ಅವರು ಕೋರ್ಟಿಗೆ ಹೋಗಲಿಲ್ಲ.

ಪ್ರಶ್ನೆ: ಒಬ್ಬರ ಫೋನ್ ಕದ್ದು ಕೇಳಬೇಕಾದರೆ ಕೋರ್ಟಿನ ಅನುಮತಿ ಬೇಕಲ್ವಾ ಸಾರ್?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬೇಡ. ತುಂಬಾ ಜನ ಬೇಕು ಅಂದುಕೊಂಡಿದ್ದಾರೆ. ನಮ್ಮಲ್ಲಿ ಆದೇಶ ಕೊಡುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಆ ಆದೇಶ ಸರಿಯಿದೆಯಾ ಅಂತ ನೋಡುವ ಸಮಿತಿಯಲ್ಲೂ ಅಧಿಕಾರಿಗಳೇ, ನ್ಯಾಯಾಧೀಶರು ಯಾರೂ ಇಲ್ಲ. ಈ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು, 2023ರ ಟೆಲಿಕಾಂ ಕಾಯ್ದೆಯಲ್ಲೂ ಅದೇ ಅಧಿಕಾರ ಮುಂದುವರಿದಿದೆ. ಕಂಪ್ಯೂಟರ್, ಇಂಟರ್ನೆಟ್‌ಗೆ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ಅದರಡಿ 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು.

ಕದ್ದು ಕೇಳುವುದು ಏನು ಮಾಡಬಲ್ಲದು ಅಂತ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಪಕ್ಕದ ಸಿದ್ದಾಪುರದ ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ಆರೋಪದ ಮೇಲೇ. 1996ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೆಲವು ನಿಯಮ ಹಾಕಿತು, ಆದೇಶ 2 ತಿಂಗಳು ಮಾತ್ರ, ಮುಂದುವರಿಸಿದರೂ ಒಟ್ಟು 6 ತಿಂಗಳು ಮೀರಬಾರದು ಅಂತೆಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಈಗ ಲೆಕ್ಕ ನೋಡಿ. ಕೇಂದ್ರ ಸರ್ಕಾರ ತಿಂಗಳಿಗೆ 7,500ರಿಂದ 9,000 ಇಂಥ ಆದೇಶ ಹೊರಡಿಸುತ್ತಿತ್ತು ಅಂತ ಮಾಹಿತಿ ಹಕ್ಕಿನ ಒಂದು ಹಳೇ ಉತ್ತರದಲ್ಲಿ ಬಂತು. ಸಮಿತಿ ಸೇರುವುದು 2 ತಿಂಗಳಿಗೊಮ್ಮೆ. ಅಂದರೆ ಒಂದೊಂದು ಸಭೆಯಲ್ಲಿ 15ರಿಂದ 18 ಸಾವಿರ ಆದೇಶ ಪರಿಶೀಲಿಸಬೇಕಿತ್ತು! ಇದು ಆಗದ ಹೋಗದ ಮಾತು ಅಂತ 2018ರಲ್ಲಿ ಡೇಟಾ ಸಂರಕ್ಷಣೆ ಬಗ್ಗೆ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ತನ್ನ ವರದಿಯಲ್ಲಿ ಎತ್ತಿ ತೋರಿಸಿತು.

ಕಳ್ಳರನ್ನು, ಬಾಂಬ್ ಇಡುವವರನ್ನು ಹಿಡಿಯಬೇಕು, ಅದಕ್ಕೆ ಫೋನ್ ಕೇಳಬೇಕಾಗುತ್ತೆ, ಒಪ್ಪುತ್ತೇನೆ. ಆದರೆ ಕೇಳುವವರೂ ಸರ್ಕಾರ, ಒಪ್ಪಿಗೆ ಕೊಡುವವರೂ ಸರ್ಕಾರ, ತಪ್ಪಾಯಿತಾ ಅಂತ ನೋಡುವವರೂ ಸರ್ಕಾರ ಆದರೆ ತಡೆಯುವವರು ಯಾರು? 2023ರ ಡೇಟಾ ಸಂರಕ್ಷಣಾ ಕಾಯ್ದೆ ಇದನ್ನು ಸರಿ ಮಾಡುತ್ತೆ ಅಂತ ಆಸೆ ಇತ್ತು. ಅದರ 17ನೇ ಸೆಕ್ಷನ್ ನೋಡಿ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಅಂತ ಹೇಳಿ ಸರ್ಕಾರ ತನಗೆ ಬೇಕಾದ ಸಂಸ್ಥೆಗೆ ಆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಇದು ನನಗೆ ನಿಜವಾಗಿಯೂ ಸಿಟ್ಟು ಬರಿಸುವ ವಿಷಯ.

ಪ್ರಶ್ನೆ: ಹಾಸ್ಟೆಲಲ್ಲಿ ಎಲ್ಲರೂ ಇನ್‌ಕಾಗ್ನಿಟೊ ಹಾಕ್ತಾರೆ, ಕೆಲವರು ವಿಪಿಎನ್. ಯಾವುದು ಒಳ್ಳೇದು?
— ವಿದ್ಯಾರ್ಥಿನಿ, ಶಂಕರಘಟ್ಟ

ಉತ್ತರ: ತಂಗಿ, ಇನ್‌ಕಾಗ್ನಿಟೊ ಹಾಕಿದರೆ ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಯಲ್ಲ, ಅಷ್ಟೇ. ಯಾವ ವೆಬ್‌ಸೈಟಿಗೆ ಹೋದಿರಿ ಅಂತ ಇಂಟರ್ನೆಟ್ ಕೊಡುವ ಕಂಪನಿಗೆ ಗೊತ್ತಾಗೇ ಆಗುತ್ತೆ. ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ಟನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಕಳಿಸುವ ಆ್ಯಪ್. ಅದು ಇದನ್ನು ಅವರಿಂದ ಮರೆಮಾಡುತ್ತೆ, ಆದರೆ ವಿಪಿಎನ್ ಕಂಪನಿಗೆ ತೋರಿಸುತ್ತೆ. ಪುಕ್ಕಟೆ ಆ್ಯಪ್ ಆದರೆ ಅವರ ಸಂಪಾದನೆ ಎಲ್ಲಿಂದ ಅಂತ ಕೇಳಿಕೊಳ್ಳಿ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ 5 ವರ್ಷ ಇಟ್ಟಿರಬೇಕು ಅಂತ 2022ರಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಿಯಮ ತಂದಿತು, ಕೆಲವು ವಿದೇಶಿ ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಇಲ್ಲಿಂದ ತೆಗೆದವು. ಮೊದಲು ಒಂದು ಕೆಲಸ ಮಾಡಿ: ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಚಾಟ್ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಆನ್ ಮಾಡಿ. ಆನ್ ಮಾಡದಿದ್ದರೆ ಗೂಗಲ್ ಡ್ರೈವಲ್ಲಿರುವ ಪ್ರತಿಗೆ ಆ ರಕ್ಷಣೆ ಇರಲ್ಲ.

ಪ್ರಶ್ನೆ: ನಮ್ಮೂರಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ನಮ್ಮನ್ನ ಯಾರು ನೋಡ್ತಾರೆ ಬಿಡಿ!
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮನ್ನೇ ಅಂತ ಯಾರೂ ಹುಡುಕಿ ನೋಡಬೇಕಾಗಿಲ್ಲ. ಸಾಮೂಹಿಕ ಕಣ್ಗಾವಲಿನಲ್ಲಿ ಮೊದಲು ಎಲ್ಲರದ್ದೂ ಬಾಚಿಕೊಳ್ಳುತ್ತಾರೆ, ಆಮೇಲೆ ಬೇಕಾದ್ದನ್ನು ಹುಡುಕುತ್ತಾರೆ. ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಹಾಕಿದ ಕಾಗದಗಳ ಪ್ರಕಾರ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ 630 ಕೋಟಿ ದಾಖಲೆ ಸಂಗ್ರಹಿಸಿತ್ತು. ಆ ದಾಖಲೆಗಳಲ್ಲಿ ಇದ್ದವರೆಲ್ಲಾ ದೊಡ್ಡ ಮನುಷ್ಯರಾ? ಇನ್ನೊಂದು ಮಾತು. ಹಳ್ಳಿ ಕಡೆ ಒಂದು ಟವರ್ ಮೈಲಿಗಟ್ಟಲೆ ಜಾಗಕ್ಕೆ ಇರುವುದರಿಂದ ನೀವು ಸರಿಯಾಗಿ ಎಲ್ಲಿದ್ದೀರಿ ಅಂತ ತಿಳಿಯುವುದು ಕಷ್ಟ, ನಿಜ. ಆದರೆ ಅಷ್ಟು ಕಡಿಮೆ ಫೋನುಗಳ ನಡುವೆ ನಿಮ್ಮನ್ನು ಬೇರ್ಪಡಿಸುವುದು ಸುಲಭ.

ಪ್ರಶ್ನೆ: ನನ್ನ ಫೋನ್ ಕದ್ದು ಕೇಳಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ?
— ಓದುಗರು, ಸಾಗರ

ಉತ್ತರ: ಕೇಳಬಹುದು, ಸಿಗುವುದು ಕಷ್ಟ. ಆದೇಶಗಳು ಗುಪ್ತ. ಜರ್ಮನಿಯಲ್ಲಿ, ಅಮೆರಿಕದಲ್ಲಿ ಕದ್ದಾಲಿಕೆ ಮುಗಿದ ಮೇಲಾದರೂ ಎಷ್ಟೋ ಪ್ರಕರಣಗಳಲ್ಲಿ ಆ ವ್ಯಕ್ತಿಗೆ ತಿಳಿಸಬೇಕು. ನಮ್ಮಲ್ಲಿ ಹಾಗೆ ತಿಳಿಸುವ ನಿಯಮವೇ ಇಲ್ಲ. ಆದರೆ ಒಟ್ಟು ಸಂಖ್ಯೆ ಕೇಳಿ, ಮೇಲೆ ಹೇಳಿದ 9,000ದ ಲೆಕ್ಕ ಹೊರಬಿದ್ದದ್ದು ಹಾಗೇ. ರಾಜ್ಯ ಗೃಹ ಇಲಾಖೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಹಾಕಿ: ಕಳೆದ ವರ್ಷ ಎಷ್ಟು ಆದೇಶ ಕೊಟ್ಟಿರಿ, ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಆದೇಶ ತಳ್ಳಿಹಾಕಿತು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಉತ್ತರ ಬಂದರೆ ಒಂದು ಪ್ರತಿ ನಮಗೂ ಕಳಿಸಿ, ಇದೇ ಅಂಕಣದಲ್ಲಿ ಹಾಕೋಣ.