ಒಣ ಹಳ್ಳಕ್ಕೆ ನೀರು ಬರುತ್ತಾ, ಎಷ್ಟು ಬರುತ್ತೆ?

ಪ್ರಶ್ನೆ: ನಾನು ವಿಜಯಪುರದವನು, ಈಗ ಎಮಿರೇಟ್ಸ್‌ನ (ಯುಎಇ) ಅಲ್ ಐನ್‌ನಲ್ಲಿದ್ದೇನೆ. 2024ರ ಏಪ್ರಿಲ್‌ನಲ್ಲಿ ಇಲ್ಲಿ ಜೋರು ಮಳೆಯ ಎಚ್ಚರಿಕೆ ಬಂದಿತ್ತು. ಯಾವ ವಾದಿಯಲ್ಲಿ, ಅಂದರೆ ಒಣ ಹಳ್ಳದಲ್ಲಿ, ಎಷ್ಟು ನೀರು ಬರುತ್ತದೆ ಅಂತ ಮಾತ್ರ ನಮಗೆ ತಿಳಿಯಲಿಲ್ಲ. ಕಂಪ್ಯೂಟರ್‌ನಲ್ಲಿ ಹವಾಮಾನ ಲೆಕ್ಕ ಹಾಕುವ ಮಾಡೆಲ್‌ಗೆ ನೀರಿನ ಹರಿವು ಲೆಕ್ಕ ಹಾಕುವ ಮಾಡೆಲ್ ಜೋಡಿಸಿದರೆ ಇದು ಗೊತ್ತಾಗುತ್ತಾ? ನಮ್ಮ ವಿಜಯಪುರದ ಡೋಣಿ ನದಿಗೂ ಆಗುತ್ತಾ?

ಉತ್ತರ: ಜೋಡಿಸಬಹುದು. ಅಮೆರಿಕದ ವಾತಾವರಣ ಸಂಶೋಧನಾ ಸಂಸ್ಥೆ ಎನ್‌ಸಿಎಆರ್‌ನ ಡಬ್ಲ್ಯುಆರ್‌ಎಫ್-ಹೈಡ್ರೋ ಅನ್ನೋ ಮಾಡೆಲ್ ಇರುವುದೇ ಇದಕ್ಕೆ. ಎಮಿರೇಟ್ಸ್‌ನ 2016ರ ಮಾರ್ಚ್ ಮಳೆಯನ್ನು ಇದರಲ್ಲೇ ಲೆಕ್ಕ ಹಾಕಿ ನೋಡಿದ್ದಾರೆ. ಸಾಮಾನ್ಯವಾಗಿ ಹವಾಮಾನದ ಭಾಗ ಒಂದೆರಡು ಕಿಲೋಮೀಟರ್ ಚೌಕಗಳಲ್ಲಿ ಮಳೆ ಕೊಡುತ್ತದೆ. ನೀರಿನ ಭಾಗ ಅದನ್ನು 100 ಮೀಟರ್ ಆಸುಪಾಸಿನ ಚೌಕಗಳಿಗೆ ಹಂಚಿ, ಇಳಿಜಾರು ನೋಡಿ ಹಳ್ಳಕ್ಕೆ ಇಳಿಸುತ್ತದೆ.

ಕಷ್ಟ ಇರುವುದು ನೆಲದಲ್ಲಿ. ಮಲೆನಾಡಿನಲ್ಲಿ ಮಣ್ಣು ತುಂಬಿದ ಮೇಲೆ ನೀರು ಹರಿಯುತ್ತದೆ. ಮರುಭೂಮಿಯಲ್ಲಿ ಹಾಗಲ್ಲ. ಒಳಗೆ ಮಣ್ಣು ಒಣಗಿಯೇ ಇರುತ್ತದೆ, ಮೇಲೆ ಹೆಪ್ಪುಗಟ್ಟಿದ ಪದರವೋ ಬರೀ ಬಂಡೆಯೋ ಇರುತ್ತದೆ. ಇಂಗುವ ವೇಗಕ್ಕಿಂತ ಮಳೆಯ ವೇಗ ಜಾಸ್ತಿಯಾದರೆ ಸಾಕು, ನೀರು ಓಡುತ್ತದೆ. ಮಾಡೆಲ್‌ನಲ್ಲಿ ಇಂಗುವ ಪಾಲನ್ನು ತೀರ್ಮಾನಿಸುವ ರೆಫ್‌ಕೆಡಿಟಿ ಅನ್ನೋ ಒಂದು ಅಂಕಿ ಇದೆ. ಅದನ್ನು ದೊಡ್ಡದಾಗಿ ಬಿಟ್ಟರೆ ಮಳೆಯೆಲ್ಲ ನೆಲಕ್ಕಿಳಿದು ಹಳ್ಳ ಒಣಗಿಯೇ ಉಳಿಯುತ್ತದೆ. ಅತಿ ಸಣ್ಣದು ಮಾಡಿದರೆ ಸುಮ್ನೆ ಪ್ರವಾಹ ಕಾಣಿಸುತ್ತದೆ.

ಇನ್ನೊಂದು, ಹಳ್ಳದ ಮರಳೇ ದಾರಿಯುದ್ದಕ್ಕೂ ನೀರು ಕುಡಿಯುತ್ತದೆ. ಮೇಲೆ ಬಂದ ಪ್ರವಾಹ ಕೆಳಗಿನ ಊರು ಮುಟ್ಟದೇ ಇರಬಹುದು. ಡಬ್ಲ್ಯುಆರ್‌ಎಫ್-ಹೈಡ್ರೋದಲ್ಲಿ ಮೊದಲು ಈ ಲೆಕ್ಕ ಇರಲಿಲ್ಲ. ಅಮೆರಿಕದ ನೈಋತ್ಯದ ಒಣ ಪ್ರದೇಶಗಳಿಗಾಗಿ ಆಮೇಲೆ ಸೇರಿಸಿದರು. ನನ್ನ ಪ್ರಕಾರ ಇದಿಲ್ಲದ ಮಾಡೆಲನ್ನು ವಾದಿಗೆ ಬಳಸಲೇಬಾರದು.

ಇಷ್ಟೆಲ್ಲ ಸರಿಮಾಡಿದರೂ ಮಳೆ ಬೀಳುವ ಜಾಗ ತಪ್ಪಬಹುದು. ನೀವು ಹೇಳಿದ ಮಳೆಯಲ್ಲೇ ನೋಡಿ. ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿಯಿತು, ಬೇರೆ ಹಲವು ಕಡೆ ಅದರ ಅರ್ಧವೂ ಇರಲಿಲ್ಲ. 50 ಚದರ ಕಿಲೋಮೀಟರಿನ ಜಲಾನಯನದಲ್ಲಿ ಬರೀ 20 ಮಿಲಿಮೀಟರ್ ಹರಿದರೂ 10 ಲಕ್ಷ ಘನ ಮೀಟರ್ ನೀರು! ಮಾಡೆಲ್‌ನಲ್ಲಿ ಮೋಡ ಹತ್ತು ಕಿಲೋಮೀಟರ್ ಆಚೆ ಸರಿದರೆ ಅಷ್ಟೂ ನೀರು ಪಕ್ಕದ ವಾದಿಗೆ ಹೋಗುತ್ತದೆ. ಹಾಗಾಗಿ ಒಂದೇ ಮುನ್ಸೂಚನೆ ನಂಬಬಾರದು. ಲೆಕ್ಕದ ಆರಂಭದಲ್ಲಿ ಕೊಡುವ ಹವಾಮಾನದ ಸ್ಥಿತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಮಾಡೆಲನ್ನು ಹತ್ತಿಪ್ಪತ್ತು ಸಲ ಓಡಿಸಬೇಕು. ಅದರಲ್ಲಿ ಎಷ್ಟು ಸಲ ನಿಮ್ಮ ವಾದಿ ತುಂಬಿತು ಅಂತ ನೋಡಿ ಎಚ್ಚರಿಕೆ ಕೊಡಬೇಕು.

ಡೋಣಿಗೂ ಖಂಡಿತ ಆಗುತ್ತದೆ. ಆದರೆ ಎಮಿರೇಟ್ಸ್‌ನ ಅಂಕಿಗಳನ್ನು ಹಾಗೇ ತರುವಂತಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮೊದಲ ಮಳೆ ನುಂಗುತ್ತದೆ, ನೆನೆದ ಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಜೂನ್‌ನಲ್ಲಿ ಒಂದು ಲೆಕ್ಕ, ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಮಳೆ ಅಳೆಯಲು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕಗಳಿವೆ, ಅದು ದೊಡ್ಡ ಅನುಕೂಲ. ಅದರ ಜೊತೆಗೆ ಪ್ರವಾಹದ ಹೊತ್ತಿನಲ್ಲಿ ಸೇತುವೆಗಳ ಬಳಿ ನೀರಿನ ಮಟ್ಟ ಗಂಟೆಗಂಟೆಗೂ ದಾಖಲಾಗಬೇಕು. ಮಾಡೆಲ್‌ನ ಅಂಕಿಗಳನ್ನು ತಿದ್ದಿಕೊಳ್ಳುವುದು ಆ ದಾಖಲೆ ನೋಡಿಯೇ.