ಪರಸಿಯ ಅದೇ ಮೂಲೆ

ಪ್ರಶ್ನೆ: 2 ತಿಂಗಳ ನಾಯಿಮರಿ ತಂದು ವಾರವಾಯಿತು. ಪಡಸಾಲೆಯ ಶಹಾಬಾದ್ ಪರಸಿಯ (ಹಾಸುಗಲ್ಲಿನ ನೆಲದ) ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಫಿನಾಯಿಲ್ ಹಾಕಿ ಒರೆಸಿದರೂ ಬಿಡದು, ಬೈದರೆ ಮಂಚದಡಿ ಸೇರುತ್ತದೆ.
— ಓದುಗರು, ಕಲಬುರಗಿ

ಉತ್ತರ: ಬೈಯುವುದನ್ನು ಮೊದಲು ನಿಲ್ಲಿಸಿ, ಅದರಿಂದ ಮರಿ ಕಲಿಯುವುದು ಅಡಗಿ ಹೊಯ್ಯುವುದನ್ನಷ್ಟೇ. ಈ ವಯಸ್ಸಿಗೆ 2 ಗಂಟೆಗಿಂತ ಹೆಚ್ಚು ತಡೆಯುವುದು ಕಷ್ಟ. ಎದ್ದ ಕೂಡಲೇ, ಉಂಡ 10–15 ನಿಮಿಷಕ್ಕೆ, ಆಟ ಮುಗಿದೊಡನೆ ಅಂಗಳದ ಒಂದೇ ಜಾಗಕ್ಕೆ ಒಯ್ಯಿರಿ (ಲಸಿಕೆ ಮುಗಿಯುವತನಕ ಬೀದಿಗೆ ಬೇಡ). ಹೊಯ್ದು ಮುಗಿಸಿದ ಕ್ಷಣವೇ, ಅಲ್ಲೇ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಕೊಡಿ. ಒಳಗೆ ಬಂದು ಕೊಟ್ಟರೆ ಯಾತಕ್ಕೆಂದು ಅದಕ್ಕೆ ತಿಳಿಯದು.

ಪರಸಿ ಸುಣ್ಣಕಲ್ಲು, ವಾಸನೆ ಹೀರುತ್ತದೆ. ಫಿನಾಯಿಲ್ ಅದನ್ನು ನಮ್ಮ ಮೂಗಿಗಷ್ಟೇ ಮುಚ್ಚುತ್ತದೆ, ಮರಿ ಆ ವಾಸನೆ ಹಿಡಿದು ಅಲ್ಲಿಗೇ ಮರಳುತ್ತದೆ. ಮರಿ ನೆಕ್ಕಿದರೆ ವಿಷ. ವಿನೆಗರ್, ನಿಂಬೆರಸ ಕಲ್ಲನ್ನೇ ತಿನ್ನುತ್ತವೆ. ಎನ್‌ಜೈಮ್ ಕ್ಲೀನರ್ (ಉಚ್ಚೆಯ ವಾಸನೆಯನ್ನೇ ಒಡೆಯುವ ದ್ರವ) ಸುರಿದು 10 ನಿಮಿಷ ನೆನೆಯಬಿಟ್ಟು ಒರೆಸಿ. ಉಚ್ಚೆ ಕಡಿಮೆಯಾಗಲೆಂದು ನೀರು ಮಾತ್ರ ತಪ್ಪಿಸಬೇಡಿ, ನಮ್ಮ ಬಿಸಿಲು ಗೊತ್ತಲ್ಲ!